ಸಾರಂಗಿ ಬರೀ ಅಳುವ ವಾದ್ಯವಲ್ಲ



ಎರಡು ವಾರದ ಹಿಂದೆ ಇದೇ ಪುಟದಲ್ಲಿ ಭಜನೆ ಮನೆಯ ಹಾರ್ಮೋನಿಯಂ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಮಸ್ಕಿಯ ಏಳನೇ ತರಗತಿಯ ಹುಡುಗಿಯೊಬ್ಬಳು ಅಂಚೆ ಕಾರ್ಡಿನಲ್ಲಿ ಒಂದು ಪ್ರಶ್ನೆ ಕೇಳಿದ್ದಾಳೆ. "ತಾತ, ಹಾರ್ಮೋನಿಯಂ ಪರದೇಶದಿಂದ ಬಂದದ್ದು ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಅದು ಬರುವ ಮೊದಲು ಹಾಡುವವರ ಜೊತೆ ಏನು ನುಡಿಸುತ್ತಿದ್ದರು?"

ಪ್ರಶ್ನೆ ಚಿಕ್ಕದು, ಆದರೆ ಗಟ್ಟಿಯಾಗಿದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದಕ್ಷಿಣದ ಕರ್ನಾಟಕ ಸಂಗೀತದಲ್ಲಿ ಮೊದಲು ವೀಣೆ ಇತ್ತು. ಸುಮಾರು ಇನ್ನೂರು ವರ್ಷಗಳ ಹಿಂದೆ ಯುರೋಪಿನ ವಯೊಲಿನ್ ಬಂದು ನಮ್ಮ ಪಿಟೀಲಾಯಿತು. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನುಡಿಸಿ ಹೆಸರಾದರು. ಬೆಂಗಳೂರಿಗೆ ಹೋದಾಗ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನವನ್ನು ನೋಡಿ ಬನ್ನಿ. ಉತ್ತರದ ಹಿಂದೂಸ್ತಾನಿ ಗಾಯನದಲ್ಲಿ ಹಾಡುವವರ ಪಕ್ಕದಲ್ಲಿ ಕುಳಿತಿದ್ದದ್ದು ಸಾರಂಗಿ. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಮಠಗಳಲ್ಲಿ, ಜಾತ್ರೆಗಳಲ್ಲಿ ನಾವು ಕೇಳುವ ಶಾಸ್ತ್ರೀಯ ಗಾಯನ ಹಿಂದೂಸ್ತಾನಿ ಪದ್ಧತಿಯದೇ ಆದ್ದರಿಂದ, ಸಾರಂಗಿ ನಮಗೂ ಸಂಬಂಧಪಟ್ಟ ವಾದ್ಯ. ಆದರೆ ನಿಮ್ಮಲ್ಲಿ ಎಷ್ಟು ಮಂದಿ ಅದನ್ನು ಕಣ್ಣಾರೆ ಕಂಡಿದ್ದೀರಿ? ಹತ್ತರಲ್ಲಿ ಒಬ್ಬರು ಕೈ ಎತ್ತಿದರೂ ನನಗೆ ಸಂತೋಷವೇ.

ಒಂದೇ ಮರದ ತುಂಡು, ನಲವತ್ತು ತಂತಿ

ಸಾರಂಗಿ ಸುಮಾರು 2 ಅಡಿ ಎತ್ತರದ ವಾದ್ಯ. ತುನ್ ಎಂಬ ಮರದ ಒಂದೇ ದಿಮ್ಮಿಯನ್ನು ಉಳಿಯಿಂದ ಕೊರೆದು, ಒಳಗೆ ಪೊಳ್ಳು ಮಾಡಿ ತಯಾರಿಸುತ್ತಾರೆ. ಬೇರೆ ಬೇರೆ ತುಂಡುಗಳನ್ನು ಅಂಟಿಸುವುದಿಲ್ಲ. ನಡು ಸ್ವಲ್ಪ ಒಳಗೆ ಸರಿದಿರುತ್ತದೆ. ಕೆಳಗಿನ ಹೊಟ್ಟೆಗೆ ಆಡಿನ ಚರ್ಮ ಬಿಗಿದಿರುತ್ತಾರೆ, ನಮ್ಮ ಕಡೆ ಹಲಗೆಗೆ ಚರ್ಮ ಬಿಗಿಯುವ ಹಾಗೆ. ಆ ಚರ್ಮದ ಮೇಲೆ ಎಲುಬಿನಿಂದ ಮಾಡಿದ ಒಂದು ಚಿಕ್ಕ ಸೇತುವೆ ನಿಂತಿರುತ್ತದೆ. ಪಿಟೀಲಿನಲ್ಲಿ ಇದನ್ನು ‘ಕುದುರೆ’ ಎನ್ನುತ್ತೇವೆ. ಸಾರಂಗಿಯಲ್ಲಿ ಎಷ್ಟೋ ಸಲ ಇದನ್ನು ಆನೆಯ ಆಕಾರದಲ್ಲಿ ಕೆತ್ತಿರುತ್ತಾರೆ.

ಈಗ ತಂತಿ ಎಣಿಸೋಣ. ಮುಖ್ಯವಾದವು 3. ಇವು ಲೋಹದವಲ್ಲ, ಆಡು ಕುರಿಗಳ ಕರುಳನ್ನು ಒಣಗಿಸಿ ಹೊಸೆದು ಮಾಡಿದವು. ಕಮಾನು ಓಡಾಡುವುದು ಇವುಗಳ ಮೇಲೆ ಮಾತ್ರ. ಇವುಗಳ ಅಡಿಯಲ್ಲಿ ಉಕ್ಕು ಮತ್ತು ಹಿತ್ತಾಳೆಯ ಸಣ್ಣ ತಂತಿಗಳು, ಒಟ್ಟು 35ರಷ್ಟು. ಇವನ್ನು ‘ತರಬ್’ ಎನ್ನುತ್ತಾರೆ. ಅಂದರೆ ಒಬ್ಬ ಸಾರಂಗಿಯವರು ಕಚೇರಿಗೆ ಮೊದಲು ಸುಮಾರು 40 ತಂತಿಗಳ ಶ್ರುತಿ ಕೂಡಿಸಬೇಕು. ಒಂದು ರಾಗ ಮುಗಿದು ಇನ್ನೊಂದು ರಾಗಕ್ಕೆ ಹೋದರೆ, ಅವುಗಳಲ್ಲಿ ಹಲವನ್ನು ಮತ್ತೆ ತಿರುವಿ ಕೂಡಿಸಬೇಕು.

ನುಡಿಸುವ ರೀತಿ ಇನ್ನೂ ವಿಚಿತ್ರ. ಪಿಟೀಲಿನಲ್ಲಿ ಬೆರಳ ತುದಿಯಿಂದ ತಂತಿಯನ್ನು ಕೆಳಗಿನ ಮರಕ್ಕೆ ಒತ್ತುತ್ತಾರೆ. ಸಾರಂಗಿಯಲ್ಲಿ ಹಾಗೆ ಒತ್ತುವುದೇ ಇಲ್ಲ. ಎಡಗೈ ಬೆರಳುಗಳ ಉಗುರಿನ ಬುಡವನ್ನು ತಂತಿಯ ಪಕ್ಕಕ್ಕೆ ತಾಗಿಸಿ ಮೇಲೆ ಕೆಳಗೆ ಜಾರಿಸುತ್ತಾರೆ. ಜಾರಲಿ ಎಂದು ಬೆರಳಿಗೆ ಪೌಡರ್ ಹಚ್ಚಿಕೊಳ್ಳುತ್ತಾರೆ. ಉಗುರು ಮತ್ತು ಚರ್ಮ ಸೇರುವ ಜಾಗ ಎಷ್ಟು ಮೆತ್ತಗಿರುತ್ತದೆ ಎಂದು ನಿಮ್ಮ ಬೆರಳನ್ನೇ ಮುಟ್ಟಿ ನೋಡಿ. ಕಲಿಯುವಾಗ ಅಲ್ಲಿ ಗಾಯವಾಗುತ್ತದೆ, ಆಮೇಲೆ ಜಡ್ಡುಗಟ್ಟುತ್ತದೆ. ವರ್ಷಗಟ್ಟಲೆ ನುಡಿಸಿದವರ ಉಗುರಿನಲ್ಲಿ ತಂತಿಯ ಗೀರು ಬೀಳುತ್ತದೆ.

ಇಷ್ಟು ಕಷ್ಟ ಯಾಕೆ ಎಂದು ಕೇಳಬಹುದು. ಹಾರ್ಮೋನಿಯಂ ಮನೆಯ ಮೆಟ್ಟಿಲಿನ ಹಾಗೆ. ‘ಸ’ ಒಂದು ಮೆಟ್ಟಿಲು, ‘ರಿ’ ಇನ್ನೊಂದು. ನಡುವೆ ಕಾಲಿಡಲು ಜಾಗವಿಲ್ಲ. ಮನುಷ್ಯನ ಗಂಟಲು ಹಾಗಲ್ಲ. ಅಮ್ಮ ಜೋಗುಳ ಹಾಡುವಾಗ ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯುವುದಿಲ್ಲ, ಜಾರುತ್ತಾಳೆ. ಆ ಜಾರುವಿಕೆಗೆ ಹಿಂದೂಸ್ತಾನಿಯಲ್ಲಿ ‘ಮೀಂಡ್’ ಎನ್ನುತ್ತಾರೆ. ಸಾರಂಗಿಯ ತಂತಿಯ ಮೇಲೆ ಮೆಟ್ಟಿಲೇ ಇಲ್ಲ. ಆದ್ದರಿಂದ ಗಂಟಲು ಹೋದಲ್ಲೆಲ್ಲ ಅದೂ ಹೋಗಬಲ್ಲದು. ಮನುಷ್ಯನ ಕಂಠಕ್ಕೆ ಅತಿ ಹತ್ತಿರದ ವಾದ್ಯ ಎಂದು ಸಾರಂಗಿಯನ್ನು ಕರೆಯುವುದು ಇದಕ್ಕೇ.

ಕೊಡದ ಪ್ರಯೋಗ

"ಕಮಾನು ತಾಗುವುದು ಮೂರೇ ತಂತಿಗೆ ಅಂದಮೇಲೆ ಉಳಿದ ಮೂವತ್ತೈದು ಯಾಕೆ?" ಎಂದು ಜಾಣ ಮಕ್ಕಳು ಕೇಳಿಯೇ ಕೇಳುತ್ತೀರಿ. ಅದಕ್ಕೊಂದು ಪ್ರಯೋಗ ಮಾಡೋಣ.

ಮನೆಯಲ್ಲಿರುವ ತಾಮ್ರದ ಅಥವಾ ಹಿತ್ತಾಳೆಯ ಖಾಲಿ ಕೊಡ ತೆಗೆದುಕೊಳ್ಳಿ. ಅದರ ಬಾಯಿಯ ಹತ್ತಿರ ನಿಮ್ಮ ಬಾಯಿ ತಂದು ‘ಊ’ ಎಂದು ಕೆಳಗಿನ ದನಿಯಲ್ಲಿ ಶುರುಮಾಡಿ, ನಿಧಾನವಾಗಿ ಏರಿಸುತ್ತ ಹೋಗಿ. ಯಾವುದೋ ಒಂದು ದನಿಗೆ ಬಂದಾಗ ಕೊಡ ಇದ್ದಕ್ಕಿದ್ದ ಹಾಗೆ ‘ಗುಂಯ್’ ಎಂದು ನಿಮ್ಮ ಜೊತೆ ತಾನೂ ಹಾಡತೊಡಗುತ್ತದೆ. ಆ ದನಿ ದಾಟಿದರೆ ಮತ್ತೆ ಸುಮ್ಮನಾಗುತ್ತದೆ. ಪ್ರತಿ ಕೊಡಕ್ಕೂ ತನ್ನದೇ ಒಂದು ಸ್ವರ ಇರುತ್ತದೆ. ಆ ಸ್ವರ ಹೊರಗಿನಿಂದ ಕೇಳಿದರೆ ಅದು ಉತ್ತರ ಕೊಡುತ್ತದೆ. ವಿಜ್ಞಾನದ ಮೇಷ್ಟ್ರನ್ನು ಕೇಳಿದರೆ ಇದನ್ನು ‘ಅನುರಣನ’ ಎಂದು ಹೇಳಿಕೊಡುತ್ತಾರೆ.

ಸಾರಂಗಿಯ ತರಬ್ ತಂತಿಗಳ ಕೆಲಸವೂ ಇದೇ. ಪ್ರತಿಯೊಂದನ್ನೂ ಒಂದೊಂದು ಸ್ವರಕ್ಕೆ ಕೂಡಿಸಿರುತ್ತಾರೆ. ಮೇಲಿನ ತಂತಿಯಲ್ಲಿ ‘ಗ’ ನುಡಿದರೆ, ಕೆಳಗಿರುವ ‘ಗ’ ತಂತಿ ಯಾರೂ ಮುಟ್ಟದೆಯೇ ಮಿಡಿಯುತ್ತದೆ. ನುಡಿಸುವವರು ಒಬ್ಬರೇ, ಆದರೆ ಗುಡಿಯ ಗರ್ಭಗುಡಿಯಲ್ಲಿ ಹಾಡಿದ ಹಾಗೆ ಸುತ್ತಲೂ ಮಾರ್ದನಿ. ‘ಸೌ ರಂಗ್’, ಅಂದರೆ ನೂರು ಬಣ್ಣ, ಎಂಬುದರಿಂದಲೇ ಸಾರಂಗಿ ಎಂಬ ಹೆಸರು ಬಂತೆಂದು ಸಂಗೀತಗಾರರು ಹೇಳುವುದುಂಟು. ಭಾಷಾ ಪಂಡಿತರು ಇದನ್ನು ಒಪ್ಪಲಿ ಬಿಡಲಿ, ವಾದ್ಯಕ್ಕೆ ಮಾತು ಒಪ್ಪುತ್ತದೆ.

ಇನ್ನು ಕಮಾನು. ಅದು ಮರದ ಕೋಲಿಗೆ ಕಟ್ಟಿದ ಕುದುರೆ ಬಾಲದ ಕೂದಲು. ಕೂದಲಿಗೆ ರಾಳ ತಿಕ್ಕುತ್ತಾರೆ. ಎಣ್ಣೆ ಕಾಣದ ಬಾಗಿಲು ‘ಕಿರ್ರ್’ ಎನ್ನುವುದು ಯಾಕೆ? ಕೀಲು ಒಂದು ಕ್ಷಣ ಹಿಡಿಯುತ್ತದೆ, ಮರುಕ್ಷಣ ಬಿಡುತ್ತದೆ. ರಾಳ ಹಚ್ಚಿದ ಕೂದಲೂ ತಂತಿಯನ್ನು ಹೀಗೆಯೇ ಸೆಕೆಂಡಿಗೆ ನೂರಾರು ಸಲ ಹಿಡಿದು ಬಿಡುತ್ತದೆ. ಕಿರ್ರ್ ಎನ್ನುವುದನ್ನೇ ಪಳಗಿಸಿ ರಾಗ ಮಾಡಿದ ಮನುಷ್ಯನ ಬುದ್ಧಿಯನ್ನು ಮೆಚ್ಚಬೇಕು.

ಊರೂರು ಅಲೆದ ಕಮಾನು

ಕಮಾನಿನ ವಾದ್ಯ ನಮ್ಮ ದೇಶಕ್ಕೆ ಹೊಸದಲ್ಲ. 13ನೇ ಶತಮಾನದಲ್ಲಿ ದೇವಗಿರಿಯ ಯಾದವ ಅರಸ ಸಿಂಘಣನ ಆಸ್ಥಾನದಲ್ಲಿ ಶಾರ್ಙ್ಗದೇವ ಎಂಬ ವಿದ್ವಾಂಸನಿದ್ದ. ಆ ಅರಸನ ಆಳ್ವಿಕೆ ಉತ್ತರ ಕರ್ನಾಟಕದ ಬಹುಭಾಗಕ್ಕೂ ಹಬ್ಬಿತ್ತು. ಶಾರ್ಙ್ಗದೇವ ಬರೆದ ‘ಸಂಗೀತ ರತ್ನಾಕರ’ದಲ್ಲಿ ಕಮಾನಿನಿಂದ ನುಡಿಸುವ ‘ಪಿನಾಕೀ ವೀಣೆ’ಯ ವರ್ಣನೆ ಇದೆ. ಪಿನಾಕ ಎಂದರೆ ಶಿವನ ಬಿಲ್ಲು. ಬಿಲ್ಲೇ ವಾದ್ಯವಾದದ್ದಕ್ಕೆ ಒಪ್ಪುವ ಹೆಸರು. ಅದೇ ಗ್ರಂಥದಲ್ಲಿ ‘ಕಿನ್ನರಿ’ಯೂ ಬರುತ್ತದೆ, ಆದರೆ ಅದು ಮೀಟಿ ನುಡಿಸುವ ವೀಣೆ. ಕಿನ್ನರಿ ಎಂದಕೂಡಲೇ ಹಿರಿಯರಿಗೆ ಕಲ್ಯಾಣದ ಶರಣ ಕಿನ್ನರಿ ಬೊಮ್ಮಯ್ಯನವರ ನೆನಪಾಗುತ್ತದೆ.

ಶಾಸ್ತ್ರದ ಗ್ರಂಥಗಳಿಗಿಂತ ಹೆಚ್ಚಾಗಿ ಕಮಾನಿನ ವಾದ್ಯವನ್ನು ಕಾಪಾಡಿದವರು ಊರೂರು ತಿರುಗುವ ಜನಪದ ಗಾಯಕರು. ನಮ್ಮಲ್ಲಿ ಗೊಂದಲಿಗರು ಚೌಡಿಕೆ, ತುಂತುಣಿ ಹಿಡಿದು ರಾತ್ರಿಯಿಡೀ ಅಂಬಾಭವಾನಿಯ ಕಥೆ ಹೇಳುತ್ತಾರಲ್ಲ, ಅವರ ತಂತಿ ಮೀಟುವಂಥದು. ರಾಜಸ್ಥಾನದ ಭೋಪಾಗಳು ಅದೇ ರೀತಿ ರಾತ್ರಿಯಿಡೀ ಪಾಬೂಜಿ ಎಂಬ ವೀರನ ಕಥೆ ಹಾಡುತ್ತಾರೆ. ಹಿಂದೆ ಚಿತ್ರ ಬರೆದ ಉದ್ದನೆಯ ಬಟ್ಟೆ ಕಟ್ಟಿರುತ್ತಾರೆ, ಕೈಯಲ್ಲಿ ‘ರಾವಣಹತ್ತಾ’ ಇರುತ್ತದೆ. ತೆಂಗಿನ ಚಿಪ್ಪಿನ ಬುರುಡೆ, ಬಿದಿರಿನ ಕೋಲು, ಕಮಾನಿಗೆ ಗೆಜ್ಜೆ. ಕಮಾನು ಎಳೆದರೆ ರಾಗವೂ ಬರುತ್ತದೆ, ತಾಳವೂ ಬರುತ್ತದೆ. ಈ ವಾದ್ಯವನ್ನು ರಾವಣನೇ ಮಾಡಿದ ಎಂಬುದು ಅಲ್ಲಿಯ ನಂಬಿಕೆ.

ಅದೇ ಮರುಭೂಮಿಯಲ್ಲಿ ಲಂಗಾ ಎಂಬ ಸಮುದಾಯದವರು ‘ಸಿಂಧಿ ಸಾರಂಗಿ’ ನುಡಿಸುತ್ತಾರೆ. ಮಾಂಗಣಿಯಾರರು ‘ಕಮಾಯಚಾ’ ನುಡಿಸುತ್ತಾರೆ. ಅದಕ್ಕೆ ದುಂಡನೆಯ ದೊಡ್ಡ ಹೊಟ್ಟೆ. ಮಾಂಗಣಿಯಾರರು ಮುಸ್ಲಿಮರು. ಆದರೆ ತಲೆತಲಾಂತರದಿಂದ ತಮ್ಮ ಹಿಂದೂ ಯಜಮಾನರ ಮನೆಯ ಹುಟ್ಟು, ಮದುವೆ, ಹಬ್ಬಗಳಿಗೆ ಹಾಡುತ್ತ ಬಂದವರು. ಅವರಲ್ಲಿ ಕಮಾಯಚಾ ನುಡಿಸುತ್ತಿದ್ದ ಸಾಕರ್ ಖಾನ್ ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ನಮ್ಮ ಮುದಗಲ್ಲಿನ ಮೊಹರಂಗೆ ಎಲ್ಲ ಜಾತಿಯವರೂ ಸೇರುವುದನ್ನು ನೋಡಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಂಜಾಬಿನ ಢಾಡಿಗಳು ಸಣ್ಣ ಸಾರಂಗಿ ಹಿಡಿದು ಸಿಖ್ ವೀರರ ಕಥೆ ಹಾಡುತ್ತಾರೆ. ನೇಪಾಳದ ಗಂಧರ್ವರು ನಾಲ್ಕು ತಂತಿಯ ಸಾರಂಗಿ ಹಿಡಿದು, ಪತ್ರಿಕೆ ರೇಡಿಯೋ ಇಲ್ಲದ ಕಾಲದಲ್ಲಿ ಬೆಟ್ಟದ ಹಳ್ಳಿಯಿಂದ ಹಳ್ಳಿಗೆ ಸುದ್ದಿ ಹಾಡಿಕೊಂಡು ತಿರುಗಿದವರು. ಮಣಿಪುರದಲ್ಲಿ ‘ಪೆನಾ’ ಇದೆ. ಅಲ್ಲಿಯ ‘ಲಾಯ್ ಹರಾವೋಬಾ’ ಎಂಬ ದೇವರ ಹಬ್ಬ ಪೆನಾ ಇಲ್ಲದೆ ನಡೆಯುವುದಿಲ್ಲ. ಕೇರಳದ ಪುಳ್ಳುವರು ಒಂದೇ ತಂತಿಯ ವೀಣೆಗೆ ಕಮಾನು ಎಳೆದು ನಾಗದೇವತೆಯನ್ನು ಹಾಡುತ್ತಾರೆ. ನಮ್ಮ ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಹಾಗೆ ಅವರದು ನಾದದ ಪೂಜೆ. ನಮ್ಮ ಪಕ್ಕದ ತೆಲಂಗಾಣದ ಆದಿಲಾಬಾದ್ ಕಡೆ, ಗೊಂಡರ ವಂಶದ ಕಥೆಗಳನ್ನು ಪ್ರಧಾನರು ‘ಕಿಕ್ರಿ’ ಎಂಬ ಕಮಾನಿನ ವಾದ್ಯಕ್ಕೆ ಹಾಡುತ್ತಾರೆ.

ಇವರೆಲ್ಲರಲ್ಲಿ ಒಂದು ಸಾಮ್ಯ ಕಂಡಿತೇ? ಇವರ ಕೈಯಲ್ಲಿ ಕಮಾನು ಅಳುವುದಕ್ಕೆ ಮಾತ್ರ ಇಲ್ಲ. ಯುದ್ಧಕ್ಕೆ ಇದೆ, ಮದುವೆಗೆ ಇದೆ, ಹೆರಿಗೆಗೆ ಇದೆ, ಸುದ್ದಿಗೆ ಇದೆ, ದೇವರಿಗೆ ಇದೆ.

ಕನ್ನಡದ ಗಂಟಲಿಗೆ ಬಂದ ಸಾರಂಗಿ

ಶಾಸ್ತ್ರೀಯ ಸಂಗೀತದ ಸಾರಂಗಿಯವರ ಪಾಡು ಬೇರೆ ಇತ್ತು. ಅವರು ಗಾಯಕರ ಹಿಂದೆ, ಪಕ್ಕಕ್ಕೆ ಕೂರುತ್ತಿದ್ದರು. ಗಾಯಕರು ಹಾಡಿದ್ದನ್ನು ಮರುಕ್ಷಣವೇ ತಂತಿಯಲ್ಲಿ ಹಿಡಿದು ಕೊಡಬೇಕು. ಗಾಯಕರು ಉಸಿರು ತೆಗೆದುಕೊಳ್ಳುವಾಗ ನಾದ ಕಡಿಯದಂತೆ ನೋಡಿಕೊಳ್ಳಬೇಕು. ಇದಕ್ಕಾಗಿ ನೂರಾರು ಬಂದಿಶ್‌ಗಳು ಅವರ ತಲೆಯಲ್ಲಿ ಇರಲೇಬೇಕಿತ್ತು. ಎಷ್ಟೋ ದೊಡ್ಡ ಗಾಯಕಿಯರಿಗೆ ಪಾಠ ಹೇಳಿಕೊಟ್ಟವರು ಅವರ ಸಾರಂಗಿಯವರೇ. ಆದರೆ ಗೌರವದಲ್ಲಿ ಅವರಿಗೆ ಸಿಕ್ಕಿದ್ದು ಹಿಂದಿನ ಸಾಲು. ಹಾಡಿ ಕುಣಿದು ಬದುಕುವ ಹೆಣ್ಣುಮಕ್ಕಳ ಮನೆಗಳಲ್ಲಿ ನುಡಿಸುವ ವಾದ್ಯ ಎಂದು ಸಾರಂಗಿಯನ್ನೂ ಜನ ಹಗುರವಾಗಿ ಕಂಡರು. ಆ ಹೆಣ್ಣುಮಕ್ಕಳು ಸಂಗೀತವನ್ನು ಉಳಿಸಿದವರು ಎಂಬುದನ್ನು ಮರೆತರು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಜರ್ ಬರೆದವನು. ವರ್ಷದ ಕೊನೆಗೆ ಲೆಕ್ಕದ ಹಾಳೆಯ ಕೆಳಗೆ ಸಹಿ ಬೀಳುವುದು ಮ್ಯಾನೇಜರರದು. ಅದು ಸರಿಯಾದ ಪದ್ಧತಿಯೇ. ಆದರೆ ಪೈಸೆಗೆ ಪೈಸೆ ಕೂಡಿಸಿದ ಕೈ ಯಾರದು ಎಂದು ಆ ಹಾಳೆಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಸಾರಂಗಿಯವರ ಕಥೆ ಓದಿದಾಗಲೆಲ್ಲ ನನಗೆ ಆ ಹಾಳೆ ಕಣ್ಣ ಮುಂದೆ ಬರುತ್ತದೆ.

ಈ ಹಿಂದಿನ ಸಾಲಿನಿಂದ ಎದ್ದು ಬಂದು ಗಾಯಕರಾದವರೂ ಇದ್ದಾರೆ. ಉತ್ತರ ಪ್ರದೇಶದ ಕಿರಾನಾ ಎಂಬ ಊರಿನಲ್ಲಿ ಸಾರಂಗಿಯ ಮನೆತನಗಳಿದ್ದವು. ಅಲ್ಲಿ 1872ರಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನ್ ಅವರು ತಾವೂ ಸಾರಂಗಿ ನುಡಿಸಬಲ್ಲವರು. ಗಾಯಕರಾಗಿ ಪ್ರಸಿದ್ಧರಾಗಿ ಮಿರಜಿನಲ್ಲಿ ನೆಲೆಸಿದರು. ಅವರ ಹಾಡಿಕೆಯಲ್ಲಿ ಸ್ವರವನ್ನು ಅವಸರವಿಲ್ಲದೆ, ಕಡಿಯದೆ, ಕಮಾನು ಎಳೆದ ಹಾಗೆ ಎಳೆಯುವ ಗುಣವಿತ್ತು. ಅವರ ಶಿಷ್ಯರಾದವರು ನಮ್ಮ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಗದುಗಿನ ಹುಡುಗ ಭೀಮಸೇನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಾಫೋನ್ ತಟ್ಟೆ ಕೇಳಿ, ಹಾಗೆ ಹಾಡುವುದನ್ನು ಕಲಿಯಲೇಬೇಕೆಂದು 11ನೇ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಟ ಕಥೆ ಅಜ್ಜ ಅಜ್ಜಿಯರಿಗೆ ಗೊತ್ತೇ ಇದೆ. (ಮಕ್ಕಳೇ, ಕಥೆ ಕೇಳಿ ಸಾಕು, ನೀವು ಹೊರಡಬೇಡಿ!)

ಈಗ ಯೋಚಿಸಿ. ಭೀಮಸೇನ ಜೋಶಿಯವರ ದಾಸರ ಪದ ಇಲ್ಲದ ಊರು ನಮ್ಮ ರಾಯಚೂರು ಸೀಮೆಯಲ್ಲಿ ಇದೆಯೇ? ಬೆಳಗಿನ ಹೊತ್ತು ಗುಡಿಯ ಮೈಕಿನಲ್ಲಿ ಅವರ ದನಿ ಒಂದು ಸ್ವರದ ಮೇಲೆ ನಿಂತು ತುಂಬಿಕೊಳ್ಳುವಾಗ, ಆ ನಿಲ್ಲುವ ರೀತಿಯಲ್ಲಿ ಕಿರಾನಾದ ಸಾರಂಗಿಯ ಪಾಲೂ ಇದೆ. ವಾದ್ಯ ನಮ್ಮ ಊರಿಗೆ ಬರಲಿಲ್ಲ, ಅದರ ಗುಣ ಕನ್ನಡದ ಗಂಟಲಿನಲ್ಲಿ ಬಂದು ಕೂತಿತು.

ಬೇರೆ ಮನೆತನಗಳಲ್ಲೂ ಹೀಗಾಗಿದೆ. ದೊಡ್ಡ ಗಾಯಕರಾದ ಬಡೇ ಗುಲಾಮ್ ಅಲಿ ಖಾನ್ ಮತ್ತು ಇಂದೋರಿನ ಅಮೀರ್ ಖಾನ್ ಇಬ್ಬರೂ ಮೊದಲು ಸಾರಂಗಿ ಕಲಿತವರು. ಗಾಯಕರಾದದ್ದು ಅವರಿಗೆ ಒಳ್ಳೆಯದೇ ಆಯಿತು. ಸಾರಂಗಿ ಮಾತ್ರ ತನ್ನ ಒಳ್ಳೊಳ್ಳೆಯ ಮಕ್ಕಳನ್ನು ಹೀಗೆ ಒಬ್ಬೊಬ್ಬರನ್ನಾಗಿ ಕಳಿಸಿಕೊಟ್ಟಿತು.

ರೇಡಿಯೋದಲ್ಲಿ ಅಳು

19ನೇ ಶತಮಾನದಲ್ಲಿ ಹಾರ್ಮೋನಿಯಂ ಬಂತು. ಅದನ್ನು ದೂರಬೇಕಾಗಿಲ್ಲ. ಶ್ರುತಿ ಕೂಡಿಸುವ ಕೆಲಸವಿಲ್ಲ, ಮಳೆಗಾಲದಲ್ಲಿ ಚರ್ಮ ಸಡಿಲಾಗುವ ಭಯವಿಲ್ಲ, ಕೆಲವು ತಿಂಗಳಲ್ಲಿ ಭಜನೆಗೆ ಬೇಕಾಗುವಷ್ಟು ಕೈಗೆ ಹತ್ತುತ್ತದೆ. ಬಡವರ ಮನೆಗೂ ಸಂಗೀತ ತಂದದ್ದು ಅದು. ಆದರೆ ಅದು ಬಂದ ಮೇಲೆ ಸಾರಂಗಿಯವರ ಅನ್ನಕ್ಕೆ ಕುತ್ತು ಬಂತು.

ನಡುವೆ ಒಂದು ಆಸರೆಯೂ ಸಿಕ್ಕಿತು. ನಮ್ಮ ಗಾಯನದ ಜಾರುವ ಸ್ವರಗಳಿಗೆ ಹಾರ್ಮೋನಿಯಂ ಒಗ್ಗುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. 1970ರ ದಶಕದ ಆರಂಭದವರೆಗೂ ಆ ನಿಷೇಧ ಇತ್ತು. ಆ ಕಾಲದಲ್ಲಿ ರೇಡಿಯೋ ನಿಲಯಗಳಲ್ಲಿ ಸಾರಂಗಿಯವರಿಗೆ ತಿಂಗಳ ಸಂಬಳದ ಕೆಲಸ ಸಿಕ್ಕಿತು. ಆದರೆ ಅದೇ ರೇಡಿಯೋದಿಂದ ಇನ್ನೊಂದು ಹಣೆಪಟ್ಟಿಯೂ ಅಂಟಿತು. ದೇಶದ ದೊಡ್ಡ ನಾಯಕರು ತೀರಿಕೊಂಡರೆ ಮಾಮೂಲಿ ಕಾರ್ಯಕ್ರಮ ನಿಲ್ಲಿಸಿ, ಗಂಟೆಗಟ್ಟಲೆ ಸಾರಂಗಿಯ ಶೋಕರಾಗ ಹಾಕುತ್ತಿದ್ದರು. 1964ರ ಮೇ ತಿಂಗಳಲ್ಲಿ ನೆಹರೂ, 1966ರ ಜನವರಿಯಲ್ಲಿ ಶಾಸ್ತ್ರೀಜಿ, 1984ರ ಅಕ್ಟೋಬರ್‌ನಲ್ಲಿ ಇಂದಿರಾ ಗಾಂಧಿ. ಆ ದಿನಗಳನ್ನು ಕಂಡ ಹಿರಿಯರಿಗೆ ಸಾರಂಗಿ ಎಂದರೆ ಸಾವಿನ ಸುದ್ದಿ ಎಂದೇ ಆಗಿಹೋಯಿತು.

1980ರ ದಶಕದ ಕೊನೆಗೆ ನಾನು ಲಿಂಗಸುಗೂರಿನಲ್ಲಿ ಕೆಲಸದಲ್ಲಿದ್ದೆ. ನಮ್ಮ ಓಣಿಯಲ್ಲೇ ಬಾಡಿಗೆಗೆ ಇದ್ದ ಸಹೋದ್ಯೋಗಿಯೊಬ್ಬರಿಗೆ ಸಂಗೀತದ ಹುಚ್ಚು. ಒಂದು ಸಂಜೆ ಕಟ್ಟೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಸಾರಂಗಿಯ ಕ್ಯಾಸೆಟ್ ಹಾಕಿದರು. ಎದುರು ಮನೆಯ ಮುದುಕಿ ಜೋಳ ಹಸನು ಮಾಡುತ್ತಿದ್ದವಳು ಮರ ಬದಿಗಿಟ್ಟು ಎದ್ದು ಬಂದಳು.

"ಯಾರ್ ಹೋದ್ರೋ ತಮ್ಮಾ? ಪಾರ್ಲಿಮೆಂಟಿನವ್ರೇನು?"

"ಯಾರೂ ಹೋಗಿಲ್ಲ ಯವ್ವಾ. ಇದು ಮಳಿ ರಾಗ. ಮಲ್ಹಾರ ಅಂತಾರ."

ಮುದುಕಿ ಸ್ವಲ್ಪ ಹೊತ್ತು ಅಲ್ಲೇ ನಿಂತು ಕೇಳಿದಳು. ಆ ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿತ್ತು. ಕೊನೆಗೆ, "ಮಳಿ ತರೂದಾದ್ರ ಎಷ್ಟರ ಅಳ್ಳಿ ಬಿಡು, ಬಂದ್ ಮಾಡಬ್ಯಾಡ" ಎಂದು ಕಟ್ಟೆಯ ತುದಿಗೆ ಕುಳಿತೇಬಿಟ್ಟಳು. ಎರಡನೇ ಬದಿ ದ್ರುತ್‌ಗೆ ಬಂದು ತಬಲಾ ಓಡತೊಡಗಿದಾಗ ಅವಳ ತಲೆ ತಾನಾಗಿ ತೂಗುತ್ತಿತ್ತು. "ಇದು ನಗಾಕೂ ಬರ್ತೈತಿ ನೋಡು" ಅಂದಳು. ಸಂಗೀತದ ವಿಮರ್ಶಕರು ನಾಲ್ಕು ಪುಟ ಬರೆಯುವುದನ್ನು ಆ ತಾಯಿ ಒಂದು ಮಾತಿನಲ್ಲಿ ಹೇಳಿದ್ದಳು.

ಉಗುರು ಹೇಳಿದ ಸತ್ಯ

ಸಾರಂಗಿಯನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ವೇದಿಕೆಯ ನಡುವೆ ಕೂರಿಸಿದವರು ಪಂಡಿತ್ ರಾಮ್ ನಾರಾಯಣ್. 1927ರಲ್ಲಿ ಉದಯಪುರದ ಹತ್ತಿರ ಹುಟ್ಟಿದರು. ಆರು ವರ್ಷದ ಹುಡುಗನಿದ್ದಾಗ, ಮನೆತನದ ವಂಶಾವಳಿ ಬರೆಯಲು ಬರುತ್ತಿದ್ದವರು ಬಿಟ್ಟುಹೋದ ಒಂದು ಸಣ್ಣ ಸಾರಂಗಿ ಕೈಗೆ ಸಿಕ್ಕಿತು. ತಾನಾಗಿಯೇ ನುಡಿಸತೊಡಗಿದ. ತಂದೆಗೆ ಮೊದಲು ಅಳುಕು, ‘ಈ ವಾದ್ಯ ಕಲಿತರೆ ಮಗನಿಗೆ ಮರ್ಯಾದೆ ಸಿಗುತ್ತದೆಯೇ?’ ಎಂದು. ಆಮೇಲೆ ಒಪ್ಪಿದರು.

1944ರಲ್ಲಿ ರಾಮ್ ನಾರಾಯಣ್ ಲಾಹೋರಿನ ಆಕಾಶವಾಣಿಗೆ ಹೋದದ್ದು ಗಾಯಕನ ಕೆಲಸ ಕೇಳಿಕೊಂಡು. ಅಲ್ಲಿಯ ಸಂಗೀತ ವಿಭಾಗದ ಜೀವನ್‌ಲಾಲ್ ಮಟ್ಟೂ ಅವರು ಹುಡುಗನ ಕೈ ನೋಡಿದರು. ಉಗುರಿನಲ್ಲಿ ಗೀರುಗಳಿದ್ದವು! ಗಾಯಕನಾಗಿ ಅಲ್ಲ, ಸಾರಂಗಿಯವನಾಗಿ ಕೆಲಸ ಕೊಟ್ಟರು. ನೋಡಿ ಮಕ್ಕಳೇ, ಮಾಡಿದ ಅಭ್ಯಾಸ ಕೈಯಲ್ಲಿ ಬರೆದಿರುತ್ತದೆ.

ದೇಶ ಇಬ್ಭಾಗವಾದ ಮೇಲೆ ಅವರು ದೆಹಲಿಗೆ ಬಂದರು, 1949ರಲ್ಲಿ ಮುಂಬಯಿಗೆ ಹೋದರು. ‘ಮೊಘಲ್-ಎ-ಆಜಮ್’, ‘ಕಾಶ್ಮೀರ್ ಕಿ ಕಲಿ’ಯಂಥ ಚಿತ್ರಗಳ ಹಾಡುಗಳಲ್ಲಿ ಕೇಳುವ ಸಾರಂಗಿ ಅವರದು. ಆದರೆ ಅವರ ಹಟ ಬೇರೆಯೇ ಇತ್ತು. ಸಾರಂಗಿ ಒಂಟಿಯಾಗಿ ಕಚೇರಿ ಮಾಡಬೇಕು. 1954ರಲ್ಲಿ ಮುಂಬಯಿಯ ಸಭೆಯೊಂದರಲ್ಲಿ ಒಂಟಿಯಾಗಿ ನುಡಿಸಲು ಕುಳಿತಾಗ, ಮುಂದೆ ಬರಲಿದ್ದ ದೊಡ್ಡ ಕಲಾವಿದರಿಗಾಗಿ ಕಾದಿದ್ದ ಜನ ತಾಳ್ಮೆಗೆಟ್ಟರು. ಅರ್ಧಕ್ಕೇ ನಿಲ್ಲಿಸಬೇಕಾಯಿತು. ಎರಡು ವರ್ಷದ ನಂತರ, 1956ರಲ್ಲಿ, ಅದೇ ಮುಂಬಯಿಯಲ್ಲಿ ಮತ್ತೆ ಕುಳಿತರು. ಈ ಸಲ ಜನ ಕೇಳಿದರು, ಮೆಚ್ಚಿದರು. ಬರಬರುತ್ತ ಅವರು ಪಕ್ಕವಾದ್ಯ ನುಡಿಸುವುದನ್ನೇ ಬಿಟ್ಟರು. 1964ರಿಂದ ಹೊರದೇಶಗಳಿಗೂ ಹೋದರು. 2005ರಲ್ಲಿ ಪದ್ಮವಿಭೂಷಣ ಬಂತು. 2024ರ ನವೆಂಬರ್‌ನಲ್ಲಿ, 96ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಗಳು ಅರುಣಾ ನಾರಾಯಣ್ ಕೂಡ ಸಾರಂಗಿ ವಾದಕಿ. ಹೆಣ್ಣುಮಕ್ಕಳ ಹಾಡಿಗೆ ನೂರಾರು ವರ್ಷ ಜೊತೆ ಕೊಟ್ಟ ವಾದ್ಯ ಕೊನೆಗೂ ಹೆಣ್ಣುಮಗಳ ಕೈಗೆ ಬಂತು.

ನಮ್ಮ ರಾಜ್ಯದ ಮಟ್ಟಿಗೆ ಹೇಳುವುದಾದರೆ, ಧಾರವಾಡದ ಸಂಗೀತ ಮನೆತನದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಉಸ್ತಾದ್ ಫಯಾಜ್ ಖಾನ್ ಅವರು ಸಾರಂಗಿ ನುಡಿಸುತ್ತಾರೆ, ಹಾಡುತ್ತಾರೆ, ದಾಸರ ಪದಗಳನ್ನೂ ವಚನಗಳನ್ನೂ ಮನದುಂಬಿ ಹೇಳುತ್ತಾರೆ. ಕಂಠ ಮತ್ತು ಸಾರಂಗಿ ಒಬ್ಬರಲ್ಲೇ ಇದ್ದರೆ ಹೇಗಿರುತ್ತದೆ ಎಂದು ತಿಳಿಯಲು ಅವರನ್ನು ಕೇಳಬೇಕು.

ಕ�ಲ್ಲಿಗಿರುವ ಭಾಗ್ಯ ನಾದಕ್ಕಿಲ್ಲ

ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಇದೆ. ಅದು 1915ರಲ್ಲಿ ಬೆಳಕಿಗೆ ಬಂತು. ಶತಮಾನಗಳ ಕಾಲ ಯಾರೂ ಓದದಿದ್ದರೂ ಅಕ್ಷರ ಕಾದುಕೊಂಡಿತ್ತು. ಓದಿದಾಗ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಇಡೀ ಜಗತ್ತಿಗೆ ಖಾತ್ರಿಯಾಯಿತು. ಕಲ್ಲು ಹಾಗೆ ಕಾಯುತ್ತದೆ. ನಾದ ಕಾಯುವುದಿಲ್ಲ. ಅಶೋಕನ ಕಾಲದವರು ಹಾಡಿದ ಒಂದು ಸ್ವರವೂ ನಮಗೆ ಉಳಿದಿಲ್ಲ. ಒಂದು ತಲೆಮಾರು ಕಲಿಯದೆ ಬಿಟ್ಟರೆ, ವಾದ್ಯ ಗಾಜಿನ ಪೆಟ್ಟಿಗೆಯಲ್ಲಿ ಉಳಿದೀತು, ಅದನ್ನು ನುಡಿಸುವ ಬೆರಳು ಉಳಿಯುವುದಿಲ್ಲ. ರೆಕಾರ್ಡುಗಳು ಇವೆ, ನಿಜ. ಆದರೆ ಉಗುರನ್ನು ತಂತಿಗೆ ಎಲ್ಲಿ ತಾಗಿಸಬೇಕು ಎಂದು ರೆಕಾರ್ಡು ಕೈ ಹಿಡಿದು ತೋರಿಸುವುದಿಲ್ಲ. ಅದಕ್ಕೆ ಎದುರಿಗೆ ಒಬ್ಬ ಗುರು ಕೂರಬೇಕು, ಇತ್ತ ಒಬ್ಬ ಶಿಷ್ಯ ಕೂರಬೇಕು.

ನಮ್ಮ ಮೂರು ತಾಲ್ಲೂಕಿನ ಮಕ್ಕಳೆಲ್ಲ ಸಾರಂಗಿ ಕಲಿಯಬೇಕೆಂದು ನಾನು ಹೇಳುತ್ತಿಲ್ಲ. ಕೇಳುವ ಕಿವಿ ಇದ್ದರೆ ನುಡಿಸುವ ಕೈ ಎಲ್ಲಾದರೂ ಹುಟ್ಟುತ್ತದೆ. ಕೇಳುವವರಿಲ್ಲದೆ ಸಾಯುವ ವಾದ್ಯಗಳೇ ಹೆಚ್ಚು. ಆದ್ದರಿಂದ ಈ ವಾರ ಮೂರು ಕೆಲಸ ಕೊಡುತ್ತೇನೆ.

ಒಂದು: ಕೊಡದ ಪ್ರಯೋಗ ಮಾಡಿ. ನಿಮ್ಮ ಮನೆಯ ದೊಡ್ಡ ಕೊಡ ಕೆಳಗಿನ ದನಿಗೆ ಉತ್ತರ ಕೊಡುತ್ತದೋ, ಸಣ್ಣ ತಂಬಿಗೆ ಕೊಡುತ್ತದೋ, ನೀವೇ ನೋಡಿ ಬರೆದುಕೊಳ್ಳಿ.

ಎರಡು: ಅಜ್ಜನ ಇಲ್ಲವೇ ಅಪ್ಪನ ಫೋನಿನಲ್ಲಿ ರಾಮ್ ನಾರಾಯಣ್ ಅವರ ಸಾರಂಗಿ ಹುಡುಕಿ. ಹತ್ತು ನಿಮಿಷ ಅಜ್ಜ ಅಜ್ಜಿಯ ಜೊತೆ ಕೂತು ಕೇಳಿ. ಆಮೇಲೆ ಭೀಮಸೇನ ಜೋಶಿಯವರ ಒಂದು ದಾಸರ ಪದ ಹಾಕಿ. ಎರಡರಲ್ಲೂ ಸ್ವರ ಜಾರುವ ಜಾಗ ಬಂದಾಗ ಕೈ ಎತ್ತಿ. ಯಾರು ಹೆಚ್ಚು ಸಲ ಸರಿಯಾಗಿ ಎತ್ತುತ್ತಾರೋ ಅವರಿಗೆ ಒಂದು ಶೇಂಗಾ ಉಂಡೆ.

ಮೂರು: ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಮನೆಗಳಿವೆ. ಅಲ್ಲಿಯ ಮಕ್ಕಳು ನಿಮ್ಮ ತರಗತಿಯಲ್ಲಿ ಇರಬಹುದು. ಬಂಗಾಳದ ಕಮಾನಿನ ವಾದ್ಯಗಳು ‘ಎಸ್ರಾಜ್’ ಮತ್ತು ‘ಸಾರಿಂದಾ’. ಅವರ ಅಜ್ಜ ಅಜ್ಜಿಯರಿಗೆ ಈ ಹೆಸರುಗಳು ಗೊತ್ತೇ, ಊರು ಬಿಟ್ಟು ಬರುವ ಮೊದಲು ಯಾರಾದರೂ ನುಡಿಸಿದ್ದನ್ನು ಕೇಳಿದ್ದರೇ ಎಂದು ಗೆಳೆಯರ ಮೂಲಕ ವಿಚಾರಿಸಿ. ಅವರು ಹೇಳಿದ್ದನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಒಳ್ಳೆಯ ಕಾರ್ಡುಗಳನ್ನು ಈ ಪುಟದಲ್ಲೇ ಹಾಕೋಣ.

ಹಿರಿಯರಲ್ಲಿ ಒಂದು ವಿನಂತಿ. ಮೊಮ್ಮಕ್ಕಳು ಸಾರಂಗಿ ಹಾಕಿದಾಗ "ಬಂದ್ ಮಾಡು, ಮನಿಯಾಗ ಅಪಶಕುನ" ಎನ್ನಬೇಡಿ. ಸಾವಿನ ಸುದ್ದಿ ತಂದದ್ದು ರೇಡಿಯೋ, ಸಾರಂಗಿ ಅಲ್ಲ. ಅದು ಆ ದಿನ ನಮ್ಮ ಜೊತೆ ಕೂತು ದುಃಖ ಹಂಚಿಕೊಂಡಿತು, ಅಷ್ಟೇ. ಕಷ್ಟದ ದಿನ ಜೊತೆಗಿದ್ದವರನ್ನು ಹಬ್ಬದ ದಿನವೂ ಕರೆಯುವುದು ನಮ್ಮ ಕಡೆಯ ಪದ್ಧತಿ ಅಲ್ಲವೇ?

ಮುಂದಿನ ವಾರ ತಂತಿ ಬಿಟ್ಟು ಚರ್ಮದ ಕಡೆ ಹೋಗೋಣ. ಹಲಗೆಯನ್ನು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಸುವುದು ಯಾಕೆ? ಗೊತ್ತಿದ್ದವರು ಬರೆಯಿರಿ.